ದಾನಪತ್ರವೂ ಮುಪ್ಪಿನ ಅನ್ನವೂ

ನೆಲಮಂಗಲ ತಾಲ್ಲೂಕಿನ ಜಮೀನೊಂದನ್ನು ಕುರಿತು 2023ನೆಯ ಇಸವಿಯ ಮಾರ್ಚಿ ತಿಂಗಳಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವು ಕೊಟ್ಟ ತೀರ್ಪನ್ನು ನಮ್ಮ ಜಿಲ್ಲೆಯ ಎಷ್ಟು ಮಂದಿ ಗೃಹಸ್ಥರು ಗಮನಿಸಿರುವರೋ ನಾವು ಅರಿಯೆವು. ವೃದ್ಧರೊಬ್ಬರು ತಮ್ಮ ಜಮೀನನ್ನು ಮೊಮ್ಮಗಳ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಆ ಜಮೀನು ಮುಂದೆ ಹೊರಗಿನವರೊಬ್ಬರಿಗೆ ಕ್ರಯವಾಗಿ ಹೋಯಿತು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಪಾರ್ಲಿಮೆಂಟು ಮಾಡಿದ ಕಾಯಿದೆಯನ್ನು ಆಶ್ರಯಿಸಿ ವೃದ್ಧರು ದಾನವನ್ನು ರದ್ದುಮಾಡಬೇಕೆಂದು ಬೇಡಿದರು. ವ್ಯಾಜ್ಯವು ವಿಭಾಗೀಯ ಪೀಠದ ಮುಂದೆ ಬಂದಾಗ ನ್ಯಾಯಮೂರ್ತಿಗಳು ಪತ್ರವನ್ನು ನೋಡಿದರು. ದಾನ ಪಡೆದವರು ದಾನಿಯನ್ನು ಪೋಷಿಸತಕ್ಕದ್ದೆಂಬ ಷರತ್ತು ಅದರಲ್ಲಿ ಇರಲಿಲ್ಲ. ಷರತ್ತಿಲ್ಲದ ದಾನವನ್ನು ಆ ಕಾಯಿದೆಯ 23ನೆಯ ಕಲಮಿನ ಮೇಲೆ ರದ್ದುಗೊಳಿಸಲಾಗದೆಂದು ತೀರ್ಪಾಯಿತು.

ಆ ಮನೆಯ ಒಳಗಿನ ಸಂಗತಿಗಳು ನಮಗೆ ತಿಳಿಯವು. ಯಾರ ತಪ್ಪೆಂದು ತೂಗುವ ಅಧಿಕಾರವೂ ನಮಗಿಲ್ಲ. ನ್ಯಾಯಸ್ಥಾನವನ್ನು ದೂರುವುದಂತೂ ನಮ್ಮ ಉದ್ದೇಶವಲ್ಲ. ಪತ್ರದಲ್ಲಿ ಬರೆಯದ ಮಾತನ್ನು ಓದಿ ಎಂದು ನ್ಯಾಯಾಧಿಪತಿಗಳನ್ನು ಕೇಳುವುದು ಹೇಗೆ? ನಮ್ಮ ಮನಸ್ಸನ್ನು ಕಾಡುತ್ತಿರುವ ಸಂಗತಿ ಬೇರೆ. ಆ ಒಂದು ವಾಕ್ಯವನ್ನು ಬರೆಯುವುದಕ್ಕೆ ಹೆಚ್ಚಿನ ಕಾಗದ ಬೇಕಾಗಿರಲಿಲ್ಲ, ಹೆಚ್ಚಿನ ಕಾಲವೂ ಬೇಕಾಗಿರಲಿಲ್ಲ. ಪತ್ರ ಬರೆಯುವವರು, ಸಾಕ್ಷಿಗಳು, ನೋಂದಣಿಯ ಅಧಿಕಾರಿಗಳು ಎಂದು ಒಂದು ದಾನಪತ್ರವು ಹಾದುಹೋಗುವ ಕೈಗಳೆಷ್ಟು! ಅಷ್ಟು ಕೈಗಳಲ್ಲಿ ಯಾವುದಾದರೊಂದು ಕೈ ಮುದುಕರನ್ನು ತಡೆದು, ಇದನ್ನೂ ಬರೆಸಿಕೊಳ್ಳಿ ಎಂದು ಹೇಳುವ ಪದ್ಧತಿ ನಮ್ಮಲ್ಲಿ ಏಕೆ ಬೆಳೆದಿಲ್ಲ?

ಈ ಪ್ರಶ್ನೆಯು ರಾಜ್ಯದ ಎಲ್ಲ ಕಡೆಗೂ ಸಲ್ಲುವುದಾದರೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳೆಂಬ ನಾಲ್ಕು ತಾಲ್ಲೂಕುಗಳ ನಮ್ಮ ಜಿಲ್ಲೆಗೆ ವಿಶೇಷವಾಗಿ ಸಲ್ಲುವುದು. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿನಲ್ಲಿ ವಿಮಾನ ನಿಲ್ದಾಣವು ತೆರೆಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ವರ್ತುಲ ಹೆದ್ದಾರಿ ಬಂದಿತು. ರಾಗಿಯನ್ನೂ ಹುರುಳಿಯನ್ನೂ ಬಿಟ್ಟು ಬೇರೇನನ್ನೂ ಕಾಣದಿದ್ದ ಖುಷ್ಕಿಯ ತುಂಡುಗಳಿಗೆ, ಅವುಗಳ ಯಜಮಾನರು ಬಾಯಿ ತೆರೆದು ಹೇಳಲು ಹಿಂಜರಿಯುವಷ್ಟು ಬೆಲೆ ಬಂದಿತು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆಯನ್ನು ಕೊಡೆವೆಂದು ರೈತರು ಮೂರು ವರ್ಷಗಳಿಗೂ ಮೀರಿ ಧರಣಿ ಕುಳಿತು, 2025ರ ಜುಲೈ 15ರಂದು ಸರ್ಕಾರದಿಂದಲೇ ಸ್ವಾಧೀನವನ್ನು ಕೈಬಿಡಿಸಿದ್ದನ್ನು ನಾಡೆಲ್ಲ ಕಂಡಿತು. ಸರ್ಕಾರಕ್ಕೆ ಒಂದು ಗುಂಟೆಯನ್ನೂ ಸುಲಭವಾಗಿ ಬಿಡದ ಇಂತಹ ಸೀಮೆಯಲ್ಲಿಯೇ, ಮನೆಯ ಹಿರಿಯರು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಅರ್ಧ ಗಂಟೆಯೊಳಗೆ, ಓದದ ಕಾಗದಕ್ಕೆ ಹೆಬ್ಬೆರಳೊತ್ತಿ ಸರ್ವಸ್ವವನ್ನೂ ಕೊಟ್ಟುಬರುವರು. ಕೊಟ್ಟದ್ದು ಮಕ್ಕಳಿಗಲ್ಲವೆ ಎಂಬುದೊಂದೇ ಅವರ ಸಮಾಧಾನ.

ಕೆಲವು ತಿಂಗಳ ಹಿಂದೆ ದೊಡ್ಡಬಳ್ಳಾಪುರದ ಕಡೆಯ ನೇಕಾರ ವೃದ್ಧರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಮಗನಿಗೆ ಸಾಲ ಹುಟ್ಟಬೇಕಾದರೆ ಮನೆ ಅವನ ಹೆಸರಿನಲ್ಲಿರಬೇಕೆಂದು ಯಾರೋ ಹೇಳಿದರಂತೆ, ದಾನಪತ್ರವಾಯಿತು. ಸಾಲವೂ ಹುಟ್ಟಿತು. ಆಮೇಲೆ ಮಾತು ಬೆಳೆದು, ಮುದುಕರ ಹಾಸಿಗೆ ಹಜಾರದಿಂದ ಮಗ್ಗದ ಕೊಟ್ಟಿಗೆಗೆ ಇಳಿಯಿತು. ಅವರು ಪತ್ರದ ನಕಲನ್ನು ನಮ್ಮ ಮೇಜಿನ ಮೇಲಿಟ್ಟು, "ಸ್ವಾಮಿ, ನನಗೆ ಕಣ್ಣು ಕಾಣಲ್ಲ. ಇದರಾಗೆ ನನ್ನ ಊಟದ ಮಾತು ಎಲ್ಲೈತೆ, ಒಸಿ ಓದಿ ಹೇಳಿ" ಎಂದರು.

ನಾವು ಎರಡು ಸಲ ಓದಿದೆವು. ಚಕ್ಕುಬಂದಿ ಇದ್ದಿತು. ಪ್ರೀತಿವಿಶ್ವಾಸದಿಂದ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ ಬರೆದುಕೊಟ್ಟಿದ್ದೆಂದು ಇದ್ದಿತು. ನಿಧಿ ನಿಕ್ಷೇಪ ಜಲ ಪಾಷಾಣಾದಿ ಅಷ್ಟಭೋಗ ತೇಜಸ್ವಾಮ್ಯಗಳೂ ಸಾಂಗವಾಗಿ ಇದ್ದುವು. ವಿಜಯನಗರದ ಶಾಸನಗಳ ಕಾಲದಿಂದ ಬಂದ ಈ ಮಾತುಗಳನ್ನು ನಮ್ಮ ಪತ್ರ ಬರೆಯುವವರು ಇಂದಿಗೂ ತಪ್ಪದೆ ಬರೆಯುವುದನ್ನು ನಾವು ಮೆಚ್ಚುವೆವು. ಆದರೆ ನೆಲದ ಅಡಿಯಲ್ಲಿ ಇರಬಹುದಾದ ನಿಧಿಗೆ ಜಾಗ ಸಿಕ್ಕಿದ ಕಾಗದದಲ್ಲಿ ನೆಲದ ಮೇಲೆ ಕುಳಿತ ಮುದುಕನ ಮುದ್ದೆಗೆ ಜಾಗ ಸಿಕ್ಕಿರಲಿಲ್ಲ. "ಯಜಮಾನರೇ, ಇಲ್ಲ" ಎಂದು ಹೇಳುವುದು ನಮಗೆ ಕಷ್ಟವಾಯಿತು.

ಈಗ ಕಾಯಿದೆಯ ಮಾತು. 23ನೆಯ ಕಲಮು ಹೇಳುವುದು ಇಷ್ಟು: ತನ್ನ ಮೂಲಭೂತ ಸೌಕರ್ಯಗಳನ್ನೂ ದೇಹದ ಅವಶ್ಯಕತೆಗಳನ್ನೂ ನೋಡಿಕೊಳ್ಳತಕ್ಕದ್ದೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕನು, ಎಂದರೆ 60 ವರ್ಷ ತುಂಬಿದವನು, ಕಾಯಿದೆ ಜಾರಿಗೆ ಬಂದ ಮೇಲೆ ದಾನವಾಗಿಯೋ ಬೇರೆ ರೀತಿಯಿಂದಲೋ ಸ್ವತ್ತನ್ನು ವರ್ಗಾಯಿಸಿದ್ದು, ಪಡೆದವನು ಆ ಷರತ್ತಿಗೆ ತಪ್ಪಿದರೆ, ಆ ವರ್ಗಾವಣೆಯು ಮೋಸದಿಂದ ಇಲ್ಲವೆ ಬಲಾತ್ಕಾರದಿಂದ ಇಲ್ಲವೆ ಅನುಚಿತ ಪ್ರಭಾವದಿಂದ ಆದದ್ದೆಂದು ಭಾವಿಸಲ್ಪಡುವುದು, ಕೊಟ್ಟವನು ಬಯಸಿದರೆ ನ್ಯಾಯಮಂಡಳಿಯು ಅದನ್ನು ಶೂನ್ಯವೆಂದು ಸಾರಬಹುದು. ಎಲ್ಲ ಭಾರವೂ "ಷರತ್ತಿನ ಮೇಲೆ" ಎಂಬ ಮಾತಿನ ಮೇಲೆ ನಿಂತಿರುವುದನ್ನು ವಾಚಕರು ನೋಡಬೇಕು. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ವಿವರಿಸುತ್ತ, ಷರತ್ತು ಇದ್ದಿತೆಂಬುದು ಸ್ಥಾಪಿತವಾಗಲೇಬೇಕೆಂದು ಹೇಳಿತು. 2025ರ ಜನವರಿ 2ರಂದು ಅದೇ ನ್ಯಾಯಸ್ಥಾನವು ಮಧ್ಯಪ್ರದೇಶದ ತಾಯಿಯೊಬ್ಬರ ವ್ಯಾಜ್ಯದಲ್ಲಿ, ಹಿರಿಯರ ಹಿತಕ್ಕಾಗಿ ಹುಟ್ಟಿದ ಕಾಯಿದೆಯನ್ನು ಉದಾರವಾಗಿ ಅರ್ಥಮಾಡಬೇಕೆಂದು ಹೇಳಿ, ಮಗನಿಗೆ ಮಾಡಿದ ದಾನವನ್ನು ರದ್ದುಮಾಡಿ ಸ್ವತ್ತನ್ನು ತಾಯಿಗೆ ಮರಳಿಸಿತು. ಈ ಎರಡನೆಯ ತೀರ್ಪನ್ನು ಕೇಳಿ, ಇನ್ನು ಚಿಂತೆಯಿಲ್ಲವೆಂದು ಕೆಲವರು ನೆಮ್ಮದಿಯಿಂದಿರುವಂತೆ ತೋರುವುದು. ಆ ತಾಯಿಯ ಕೈಯಲ್ಲಿ, ಕೊನೆಯ ತನಕ ನೋಡಿಕೊಳ್ಳುವೆನೆಂದು ಮಗನು ಬರೆದುಕೊಟ್ಟಿದ್ದ ವಚನಪತ್ರವೊಂದು ಇದ್ದಿತೆಂಬುದನ್ನು ಅವರು ಮರೆಯಬಾರದು. ಉದಾರವಾಗಿ ಓದಬೇಕಾದರೂ ಓದುವುದಕ್ಕೆ ಬರಹವೊಂದು ಬೇಕು.

ಆದಕಾರಣ ದಾನಪತ್ರ ಮಾಡಲೇಬೇಕೆಂದಿರುವ ಹಿರಿಯರು ಅದರಲ್ಲಿ ಇಂತಹ ಒಂದು ಮಾತನ್ನು ಬರೆಸತಕ್ಕದ್ದು: "ದಾನ ಪಡೆದವರು ದಾನಿಗೆ ಅವರ ಜೀವಮಾನಪರ್ಯಂತ ಅನ್ನ, ವಸ್ತ್ರ, ವಸತಿ, ಔಷಧೋಪಚಾರಗಳನ್ನು ಒದಗಿಸತಕ್ಕದ್ದೆಂಬ ಷರತ್ತಿಗೆ ಒಳಪಟ್ಟು ಈ ದಾನವನ್ನು ಮಾಡಿರುತ್ತದೆ. ದಾನಿಯು ಜೀವಿಸಿರುವವರೆಗೆ ಈ ಮನೆಯಲ್ಲಿ ವಾಸಿಸುವ ಹಕ್ಕು ಅವರದಾಗಿರುತ್ತದೆ. ಈ ಷರತ್ತಿಗೆ ತಪ್ಪಿದಲ್ಲಿ ದಾನವನ್ನು ರದ್ದುಪಡಿಸಿಕೊಳ್ಳುವ ಹಕ್ಕು ದಾನಿಗೆ ಉಂಟು." ವಕೀಲರು ಇದನ್ನು ಇನ್ನೂ ಚೆನ್ನಾಗಿ ಬರೆಯಬಲ್ಲರು. ಹೆಂಡತಿ ಇದ್ದರೆ ಅವರ ಹೆಸರನ್ನೂ ಸೇರಿಸುವುದು ಒಳ್ಳೆಯದು. ಗಂಡನ ತರುವಾಯ ಬಹುಕಾಲ ಬದುಕುವವರು ಸಾಮಾನ್ಯವಾಗಿ ಅವರೇ. ಮಗನ ಮುಖ ನೋಡಿ ಷರತ್ತು ಹಾಕುವುದು ಹೇಗೆಂದು ಸಂಕೋಚಪಡುವ ತಂದೆಗಳಿಗೆ ನಾವು ಕೇಳುವೆವು: ನೋಡಿಕೊಳ್ಳಬೇಕೆಂದಿರುವ ಮಗನಿಗೆ ಈ ಮಾತಿನಿಂದ ಏನು ನಷ್ಟ?

ಆದರೆ ನಮ್ಮ ಅಭಿಪ್ರಾಯದಲ್ಲಿ ಬಹುಮಂದಿಗೆ ದಾನಪತ್ರವೇ ಬೇಕಾಗಿಲ್ಲ. ಅವರಿಗೆ ಬೇಕಾದದ್ದು ಉಯಿಲು, ಎಂದರೆ ಮರಣಶಾಸನ. ದಾನಪತ್ರವು ನೋಂದಣಿಯಾಗಿ ಒಪ್ಪಿತವಾದ ಗಳಿಗೆಯಿಂದ ಸ್ವತ್ತು ಕೈಬಿಟ್ಟಿತು. ಷರತ್ತಿಲ್ಲದೆ ಕೊಟ್ಟಿದ್ದನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಉಯಿಲಾದರೋ ಬರೆದವನು ಕಣ್ಣು ಮುಚ್ಚಿದ ಮೇಲೆ ಮಾತ್ರ ಮಾತನಾಡುವುದು. ಅಲ್ಲಿಯ ತನಕ ಮನೆ ಅವನದು, ಬಾಡಿಗೆ ಅವನದು, ಮಾರುವ ಹಕ್ಕೂ ಅವನದು. ನೂರು ಸಲ ಬದಲಾಯಿಸಿದರೂ ಕೊನೆಯದು ನಿಲ್ಲುವುದು. ಮುದ್ರಾಂಕ ಶುಲ್ಕವಿಲ್ಲ, ಬಿಳಿಯ ಕಾಗದವೇ ಸಾಕು. ಬರೆದವನು ಸಹಿ ಅಥವಾ ಹೆಬ್ಬೆರಳ ಗುರುತು ಹಾಕುವುದನ್ನು ಕಂಡ ಇಬ್ಬರು ಸಾಕ್ಷಿಗಳು ಅವನ ಎದುರಿನಲ್ಲಿಯೇ ಸಹಿ ಮಾಡಬೇಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಮೇಲು. ಬೇಡವೆನಿಸಿದರೆ ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಜಿಲ್ಲಾ ನೋಂದಣಾಧಿಕಾರಿಗಳ ವಶದಲ್ಲಿ ಇಡಬಹುದೆಂದು 1908ರ ನೋಂದಣಿ ಕಾಯಿದೆಯೇ ಹೇಳಿರುವುದು. ಹಾಸಿಗೆ ಹಿಡಿದವರ ಮನೆಗೆ ತಕ್ಕ ಕಾರಣದ ಮೇಲೆ ನೋಂದಣಿಯ ಅಧಿಕಾರಿಗಳು ಬರುವುದಕ್ಕೂ ಅದರಲ್ಲಿ ಏರ್ಪಾಡು ಉಂಟು. ಇದನ್ನು ತಿಳಿಯದೆ, ಮೂಳೆ ಮುರಿದ ಅಜ್ಜಿಯರನ್ನು ಕುರ್ಚಿಯಲ್ಲಿ ಹೊತ್ತು ಕಚೇರಿಯ ಮೆಟ್ಟಿಲು ಹತ್ತಿಸುವುದನ್ನು ನಾವು ಕಣ್ಣಾರೆ ಕಂಡಿರುವೆವು.

ಉಯಿಲು ಬರೆಯುವುದರಲ್ಲಿಯೂ ಅಜಾಗರೂಕತೆ ಸಲ್ಲದು. ಮೈಸೂರು ಸೀಮೆಯ ಹೆಂಗಸೊಬ್ಬರು 1945ರಲ್ಲಿ ಬರೆಸಿದ್ದೆಂದು ಹೇಳಲಾದ ಉಯಿಲೊಂದು ಸುಪ್ರೀಂ ಕೋರ್ಟಿನ ತನಕ ಹೋಗಿ 1958ರ ನವೆಂಬರಿನಲ್ಲಿ ಬಿದ್ದುಹೋಯಿತು. ಅದನ್ನು ಮುಂದಿಟ್ಟವರೇ ಬರೆಸುವುದರಲ್ಲಿಯೂ ಮುಂದಾಗಿದ್ದರೆಂಬುದು ಸಂಶಯದ ಕಾರಣಗಳಲ್ಲೊಂದಾಯಿತು. ವೆಂಕಟಾಚಲ ಅಯ್ಯಂಗಾರ್ಯರ ವ್ಯಾಜ್ಯವೆಂದು ಹೆಸರಾದ ಆ ತೀರ್ಪನ್ನು ಇಂದಿಗೂ ಉಯಿಲಿನ ಮೊಕದ್ದಮೆಗಳಲ್ಲಿ ದೇಶದ ನ್ಯಾಯಸ್ಥಾನಗಳು ಎತ್ತಿಹೇಳುತ್ತಿರುವುವು. ಆದಕಾರಣ ಲಾಭ ಪಡೆಯುವವರು ಬರೆಸುವುದಕ್ಕೂ ಸಾಕ್ಷಿಗೂ ನಿಲ್ಲದಿರುವುದೇ ವಿವೇಕ. ಸಾಕ್ಷಿಗಳು ಬರೆಯುವವನಿಗಿಂತ ಕಿರಿಯರಾಗಿರಲಿ. ಮುಂದೆ ನ್ಯಾಯಸ್ಥಾನದಲ್ಲಿ ನಿಂತು ಹೇಳಬೇಕಾದವರು ಅವರು. ಒಬ್ಬ ಮಗನಿಗೆ ಕಡಮೆ ಬರೆದಿದ್ದರೆ ಅದರ ಕಾರಣವನ್ನು ಒಂದು ಸಾಲಿನಲ್ಲಿ ಹೇಳಿಬಿಡುವುದು ಲೇಸು. ಮುಸಲ್ಮಾನ ಬಂಧುಗಳಿಗೆ ಅವರ ಧರ್ಮಶಾಸ್ತ್ರದಂತೆ, ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರರಲ್ಲೊಂದು ಭಾಗಕ್ಕೆ ಮೀರಿ ಉಯಿಲು ಸಲ್ಲದೆಂಬುದೂ ನೆನಪಿನಲ್ಲಿರಬೇಕು.

ಮರಣಶಾಸನದ ಮಾತೆತ್ತಿದರೆ ಅಪಶಕುನವೆಂದು ಕಿವಿ ಮುಚ್ಚುವವರು ನಮ್ಮಲ್ಲಿ ಉಂಟು. ಪಾಠಶಾಲೆಯಲ್ಲಿ ನಾವು ಕಲಿತದ್ದರಲ್ಲಿ ಹೆಚ್ಚು ಭಾಗ ಮರೆತಿದ್ದರೂ ಬೃಹದಾರಣ್ಯಕದ ಯಾಜ್ಞವಲ್ಕ್ಯರ ಕಥೆ ಮರೆತಿಲ್ಲ. ಮನೆ ಬಿಟ್ಟು ಹೊರಡುವ ಮುನ್ನ ಅವರು ಇಬ್ಬರು ಪತ್ನಿಯರಾದ ಮೈತ್ರೇಯಿ ಕಾತ್ಯಾಯನಿಯರ ನಡುವೆ ಆಸ್ತಿಯ ಏರ್ಪಾಡು ಮಾಡಿಹೋಗಲು ಮೊದಲು ಮಾಡಿದರು. ಆ ಸಂದರ್ಭದಲ್ಲಿಯೇ ಮೈತ್ರೇಯಿಯು ಅಮೃತತ್ವವನ್ನು ಕುರಿತು ಕೇಳಿದ್ದು. ಬ್ರಹ್ಮವಿದ್ಯೆಗೆ ಮುನ್ನ ಪಾಲಿನ ವಿಚಾರ ಬಂದದ್ದನ್ನು ಋಷಿಗಳು ಅಪಶಕುನವೆಂದು ಎಣಿಸಲಿಲ್ಲ.

ಪಾಲಿನ ವಿಚಾರವೆಂದೊಡನೆ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಪ್ರಶ್ನೆ ಏಳುವುದು. ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕು ಬರುವುದೆಂಬ ಸಿದ್ಧಾಂತವನ್ನು ಸ್ಥಿರಪಡಿಸಿದ ಮಿತಾಕ್ಷರಾ ಗ್ರಂಥವನ್ನು ವಿಜ್ಞಾನೇಶ್ವರರು ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಭಾರತದ ಬಹುಭಾಗಕ್ಕೆ ದಾಯವಿಭಾಗದ ಧರ್ಮವನ್ನು ಕೊಟ್ಟ ನಾಡಿನವರು ತಮ್ಮ ಮನೆಯ ಪಾಲುಪಟ್ಟಿಯನ್ನೇ ಅರಿಯದೆ ಸಹಿ ಹಾಕುವುದು ಎಷ್ಟು ವಿಷಾದಕರ! ಅಪ್ಪನ ಹೆಸರಿನಲ್ಲಿ ಪಹಣಿ ಇದ್ದ ಮಾತ್ರಕ್ಕೆ ಪಿತ್ರಾರ್ಜಿತವೆಲ್ಲ ಅಪ್ಪನದಾಗುವುದಿಲ್ಲ. ಅದನ್ನು ಪ್ರೀತಿವಿಶ್ವಾಸಕ್ಕೆಂದು ಒಬ್ಬನಿಗೆ ದಾನ ಮಾಡುವ ಅಧಿಕಾರ ಅವನಿಗಿಲ್ಲವೆಂದು 2022ರಲ್ಲಿ ಕರ್ನಾಟಕದ ವ್ಯಾಜ್ಯವೊಂದರಲ್ಲಿಯೇ ಸುಪ್ರೀಂ ಕೋರ್ಟು ಹೇಳಿರುವುದು. ಆದರೆ ತನ್ನ ಪಾಲಿಗೆ ಬರುವಷ್ಟನ್ನು ಉಯಿಲಿನ ಮೂಲಕ ಬರೆಯಲು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅವನಿಗೆ ಸ್ವಾತಂತ್ರ್ಯ ಕೊಟ್ಟಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ನಡೆಯುತ್ತಿರುವ ಒಂದು ಪದ್ಧತಿಯನ್ನು ಹೆಸರಿಸದೆ ಬಿಡಲಾರೆವು. ಜಮೀನಿಗೆ ಗಿರಾಕಿ ಬಂದಾಗ ಅಕ್ಕತಂಗಿಯರಿಗೆ ಕರೆ ಹೋಗುವುದು. ಅವರು ಬಂದು, ಹೂ ಮುಡಿದು, ಊಟ ಮಾಡಿ, ಅರಿಶಿನ ಕುಂಕುಮಕ್ಕೆಂದು ಕೊಟ್ಟ ಅಲ್ಪ ಹಣವನ್ನೂ ಸೀರೆಯನ್ನೂ ತೆಗೆದುಕೊಂಡು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಹೊರಡುವರು. ಸಹಿ ಹಾಕದಿದ್ದರೆ ತವರುಮನೆಯ ಬಾಗಿಲು ಮುಚ್ಚಿತೆಂಬ ಭಯ ಅವರಿಗೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಕರ್ನಾಟಕವು 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದ ಪಾಲುದಾರರನ್ನಾಗಿ ಮಾಡಿತು. ಕೇಂದ್ರದ ಕಾಯಿದೆ ಅದೇ ಮಾತನ್ನು ಹೇಳಿದ್ದು 2005ರ ಸೆಪ್ಟೆಂಬರ್ 9ರಂದು. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ಸ್ಪಷ್ಟಮಾಡಿತು. ಇಷ್ಟು ಕಾನೂನುಗಳಾದ ಮೇಲೆಯೂ ಹಣೆಗೆ ಕುಂಕುಮವಿಟ್ಟು ಹಕ್ಕನ್ನು ಬಿಡಿಸಿಕೊಳ್ಳುವ ಈ ನಡತೆಯು ನಮ್ಮ ಗೌರವಕ್ಕೆ ತಕ್ಕದ್ದಲ್ಲ. ಇಷ್ಟಪಟ್ಟು ಬಿಡುವವರು ಬಿಡಲಿ. ಏನನ್ನು ಬಿಡುತ್ತಿರುವೆವೆಂದು ತಿಳಿದು ಬಿಡಲಿ. ಇಷ್ಟಾದರೂ, ಸೊಸೆ ಒಲ್ಲದ ಮುದುಕಿಯನ್ನು ಕೊನೆಗೆ ಕರೆದುಕೊಂಡು ಹೋಗುವವಳು, ಸೀರೆ ತೆಗೆದುಕೊಂಡು ಸಹಿ ಹಾಕಿದ ಆ ಮಗಳೇ ಎಂಬುದನ್ನು ನಾವು ಹಲವು ಮನೆಗಳಲ್ಲಿ ನೋಡಿದ್ದೇವೆ.

ಇನ್ನು ಪೌತಿ ಖಾತೆ. ಇದನ್ನು ಬರೆ ಎಂದರೆ ನಮ್ಮ ಲೇಖನಿಯು ಸ್ವಲ್ಪ ನಾಚುವುದು. ನಮ್ಮ ತೀರ್ಥರೂಪರು ಕಾಲವಾದ ಒಂಬತ್ತು ವರ್ಷಗಳ ತನಕ ಊರಿನ ಜಮೀನಿನ ಪಹಣಿಯಲ್ಲಿ ಅವರ ಹೆಸರೇ ನಿಂತಿದ್ದಿತು. ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಭೂಕಂದಾಯ ಕಾಯಿದೆ ಹೇಳುವುದೆಂದು ಊರಿಗೆಲ್ಲ ಅಚ್ಚುಮಾಡಿ ಹಂಚಿದವರು ನಾವೇ. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತ, ಮರಣಪತ್ರ ನಿನ್ನ ಹತ್ತಿರ, ವಂಶವೃಕ್ಷ ನನ್ನ ಹತ್ತಿರವೆಂದು ಕಾಲ ಕಳೆದೆವು. ಇಂತಹವರು ನಾವೊಬ್ಬರೇ ಅಲ್ಲ. ರಾಜ್ಯದಲ್ಲಿ ಲಕ್ಷಾಂತರ ಪಹಣಿಗಳು ಸತ್ತವರ ಹೆಸರಿನಲ್ಲಿರುವುವು. ಸ್ವಾಧೀನದ ತಿಳಿವಳಿಕೆ ಪತ್ರ ಬಂದಾಗ ಅದು ಸತ್ತವರ ಹೆಸರಿಗೆ ಬರುವುದು. ಪರಿಹಾರದ ಹಣ ಬಂದಾಗ ಬದುಕಿರುವವರು ತಮ್ಮತಮ್ಮಲ್ಲಿ ಹೊಡೆದಾಡುವರು. ಪೌತಿ ಖಾತೆಯಿಂದ ಹೊಸ ಹಕ್ಕು ಹುಟ್ಟುವುದಿಲ್ಲವೆಂಬುದು ನಿಜ. ಆದರೆ ವಿಧವೆಯಾದ ತಾಯಿಯ ಹೆಸರು ಒಂದು ಸರ್ಕಾರಿ ಕಾಗದದಲ್ಲಾದರೂ ಕಾಣಿಸಿಕೊಳ್ಳುವುದು ಬಹಳ ಮನೆಗಳಲ್ಲಿ ಅದರಿಂದಲೇ. ಬ್ಯಾಂಕಿನ ನಾಮಿನಿಯ ವಿಷಯವೂ ಹೀಗೆಯೇ: ನಾಮಿನಿಯಾದವನು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸುವವನೇ ಹೊರತು ಅದರಿಂದಲೇ ಒಡೆಯನಾದವನಲ್ಲ.

ತಪ್ಪು ಆಗಿಹೋದವರಿಗೆ, ಎಂದರೆ ಷರತ್ತಿಲ್ಲದೆ ಕೊಟ್ಟು ಕುಳಿತ ನಮ್ಮ ನೇಕಾರ ಯಜಮಾನರಂತಹವರಿಗೆ, ದಾರಿಯೇ ಇಲ್ಲವೆ? ಉಂಟು. ದಾನಪತ್ರವು ಉಳಿದರೂ ಪೋಷಣೆಯ ಹೊಣೆ ಹೋಗುವುದಿಲ್ಲ. ಮಗ, ಮಗಳು, ಮೊಮ್ಮಗ, ಮೊಮ್ಮಗಳು, ಇವರ ಮೇಲೆ ಜೀವನಾಂಶ ಕೇಳುವ ಹಕ್ಕು ಅದೇ 2007ರ ಕಾಯಿದೆಯಲ್ಲಿದೆ. ಮಕ್ಕಳಿಲ್ಲದವರು, ತಮ್ಮ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಬಂಧುವನ್ನು ಕೇಳಬಹುದು. ನಮ್ಮ ನಾಲ್ಕು ತಾಲ್ಲೂಕುಗಳಿಗೂ ದೊಡ್ಡಬಳ್ಳಾಪುರ ಉಪವಿಭಾಗದ ಉಪವಿಭಾಗಾಧಿಕಾರಿಗಳೇ ನ್ಯಾಯಮಂಡಳಿಯ ಅಧ್ಯಕ್ಷರು. ವಕೀಲರಿಲ್ಲದೆ ತಾವೇ ಬರೆದ ಅರ್ಜಿ ಸಾಕು. ಎದುರುಪಕ್ಷಕ್ಕೆ ತಿಳಿವಳಿಕೆ ಹೋದ 90 ದಿನಗಳೊಳಗೆ ತೀರ್ಮಾನವಾಗಬೇಕೆಂದು ನಿಯಮ. ತೃಪ್ತಿಯಾಗದಿದ್ದರೆ 60 ದಿನಗಳೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಮಾಡಬಹುದು. ಹಿರಿಯರನ್ನು ತೊರೆದುಬಿಟ್ಟವರಿಗೆ ಮೂರು ತಿಂಗಳವರೆಗಿನ ಕಾರಾಗೃಹವಾಸ ಅಥವಾ 5,000 ರೂಪಾಯಿವರೆಗಿನ ದಂಡ ಅಥವಾ ಎರಡೂ ಉಂಟು. ಜೀವನಾಂಶದ ಮಿತಿಯು ತಿಂಗಳಿಗೆ 10,000 ರೂಪಾಯಿಗೆ ಮೀರಬಾರದೆಂದು 2007ರಲ್ಲಿ ಕಟ್ಟಿದ್ದು ಹಾಗೆಯೇ ನಿಂತಿರುವುದು ಮಾತ್ರ ಅನ್ಯಾಯ. ಅದನ್ನು ತೆಗೆದುಹಾಕುವ ಮಸೂದೆಯೊಂದು 2019ರಲ್ಲಿ ಲೋಕಸಭೆಯ ಮುಂದೆ ಬಂದರೂ ಕಾಯಿದೆಯಾಗಲಿಲ್ಲ. ಕೋಟಿ ಬೆಲೆಯ ಸ್ವತ್ತನ್ನು ಪಡೆದವನಿಗೂ ಅದೇ ಮಿತಿ. ಅಸ್ಸಾಂ ಪ್ರಾಂತ್ಯದಲ್ಲಿ 2017ರ ಕಾಯಿದೆಯೊಂದರಂತೆ, ತಂದೆತಾಯಿಗಳನ್ನು ಕಡೆಗಣಿಸಿದ ಸರ್ಕಾರಿ ನೌಕರನ ಸಂಬಳದಿಂದ ನೂರಕ್ಕೆ ಹತ್ತರಂತೆ ಹಿಡಿದು ಅವರಿಗೆ ಕೊಡಬಹುದು. ನಮ್ಮ ವಾಚಕರಲ್ಲಿ ಅಧಿಕಾರಿಗಳು ಬಹುಮಂದಿ ಇರುವುದರಿಂದ ಈ ಸಂಗತಿಯನ್ನು ಸುಮ್ಮನೆ ತಿಳಿಸಿದ್ದೇವೆ.

ಇದೇ ಕಾಯಿದೆಯನ್ನು ಸೊಸೆಯರನ್ನು ಬೀದಿಗೆ ತಳ್ಳುವುದಕ್ಕೆ ದೊಣ್ಣೆಯಾಗಿ ಹಿಡಿದವರೂ ಇದ್ದಾರೆ. ಬೆಂಗಳೂರು ಉತ್ತರ ಉಪವಿಭಾಗದಿಂದ ಹೋದ ಒಂದು ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ, ಹಿರಿಯರ ಕಾಯಿದೆಯ ಹೆಸರಿನಲ್ಲಿ ಸೊಸೆಯು ವಾಸಿಸುವ ಮನೆಯ ಹಕ್ಕನ್ನು ಅಳಿಸಲಾಗದೆಂದು ಹೇಳಿತು. ಇದು ನ್ಯಾಯವೇ. ಮಗನ ತಪ್ಪಿಗೆ ಸೊಸೆಯನ್ನು ಶಿಕ್ಷಿಸುವ ಹಿರಿಯರ ಪರವಾಗಿ ನಾವು ಮಾತನಾಡಲಾರೆವು.

ಆಸ್ತಿಯ ಹಾಗೆಯೇ ದೇಹದ ವಿಷಯದಲ್ಲಿಯೂ ಮುಂದಾಗಿ ಬರೆದಿಡಲು ಈಗ ಅವಕಾಶವಾಗಿದೆ. ಗುಣವಾಗುವ ಆಸೆಯಿಲ್ಲದ ಕಾಯಿಲೆಯಲ್ಲಿ ಯಂತ್ರಗಳಿಂದ ಉಸಿರನ್ನು ಎಳೆಯುವುದು ಬೇಡವೆಂದು ಇಬ್ಬರು ಸಾಕ್ಷಿಗಳ ಎದುರಿನಲ್ಲಿ, ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣದೊಡನೆ ಬರೆದಿಡಬಹುದು. ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿದ, 2023ರಲ್ಲಿ ಸರಳಗೊಳಿಸಿದ ಈ ಕ್ರಮವನ್ನು ಆಚರಣೆಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಇದು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯವಾದ್ದರಿಂದ ಇಂದು ಇಷ್ಟಕ್ಕೆ ನಿಲ್ಲಿಸುವೆವು.

ನಮ್ಮ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರವೆಂದು ಬದಲಿಸಲು ಮಂತ್ರಿಮಂಡಲವು 2025ರ ಜುಲೈ ತಿಂಗಳಿನಲ್ಲಿ ತೀರ್ಮಾನಿಸಿದಾಗ ಚಹದಂಗಡಿಗಳಲ್ಲಿ ಎಷ್ಟು ಚರ್ಚೆ ನಡೆಯಿತು! ಅದರ ಹತ್ತರಲ್ಲೊಂದು ಭಾಗದ ಉತ್ಸಾಹವನ್ನು ಅಧಿಕಾರಿಗಳು ಈ ಕೆಲಸದಲ್ಲಿ ತೋರಿದರೆ ಸಾಕು. ನಾಲ್ಕು ತಾಲ್ಲೂಕುಗಳ ಉಪನೋಂದಣಾಧಿಕಾರಿಗಳ ಕಚೇರಿಗಳಲ್ಲಿಯೂ, ಬಾಗಿಲಿನ ಎದುರಿಗೆ, ದಪ್ಪ ಕನ್ನಡ ಅಕ್ಷರಗಳಲ್ಲಿ ಪೋಷಣೆಯ ಷರತ್ತಿನ ಮಾದರಿಯನ್ನು ಬರೆದು ತೂಗುಹಾಕಬೇಕು. 60 ವರ್ಷ ಮೀರಿದವರು ದಾನಪತ್ರಕ್ಕೆ ಬಂದಾಗ ಮಕ್ಕಳನ್ನು ಐದು ನಿಮಿಷ ಹೊರಗೆ ಕೂರಿಸಿ, ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿ, ಷರತ್ತು ಬೇಕೆ ಬೇಡವೆ ಎಂದು ಅವರ ಬಾಯಿಂದಲೇ ಕೇಳಬೇಕು. ಬೇಡವೆಂದರೆ ಹಾಗೆಂದು ಬರೆದುಕೊಳ್ಳಲಿ. ಇದಕ್ಕೆ ಹೊಸ ಕಾಯಿದೆ ಬೇಡ. ಜಿಲ್ಲಾಧಿಕಾರಿಗಳೂ ಜಿಲ್ಲಾ ನೋಂದಣಾಧಿಕಾರಿಗಳೂ ಒಂದು ದಿನ ಕುಳಿತು ಮಾತನಾಡಿದರೆ ಆಗುವ ಕೆಲಸವೆಂದು ನಮ್ಮ ನಂಬಿಕೆ. ತಾಲ್ಲೂಕು ಕಾನೂನು ಸೇವಾ ಸಮಿತಿಯವರು ಹೆಂಗಸರಿಗೆ ವರಮಾನವನ್ನು ನೋಡದೆ ಉಚಿತವಾಗಿ ನೆರವು ಕೊಡಬೇಕಾದವರು. ಅವರು ತಿಂಗಳಿಗೊಂದು ದಿನ ಸಂತೆಯ ದಿನವೇ ಸಂತೆಯ ಊರಿನಲ್ಲಿ ಕುಳಿತರೆ, ನ್ಯಾಯಾಲಯದ ಮೆಟ್ಟಿಲು ಹತ್ತಲು ಹೆದರುವ ಅಜ್ಜಿಯರು ತರಕಾರಿ ಚೀಲದೊಡನೆ ತಾವಾಗಿ ಬಂದು ಕೇಳುವರು.

ಷರತ್ತಿನ ಮಾದರಿಯನ್ನೂ ಉಯಿಲಿನ ಸರಳವಾದ ನಮೂನೆಯನ್ನೂ, ವಕೀಲ ಮಿತ್ರರಿಗೆ ತೋರಿಸಿ ತಿದ್ದಿಸಿ, ಒಂದು ಹಾಳೆಯ ಎರಡು ಮಗ್ಗುಲಿಗೆ ಅಚ್ಚುಹಾಕಿಸಲು ನಮ್ಮ ಮುದ್ರಣಾಲಯದಲ್ಲಿ ಏರ್ಪಾಡು ಮಾಡಿದ್ದೇವೆ. ಬೇಕಾದವರು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದು ಗಂಟೆಯೊಳಗೆ ಕಾರ್ಯಾಲಯಕ್ಕೆ ಬಂದು ಬೆಲೆಯಿಲ್ಲದೆ ತೆಗೆದುಕೊಂಡು ಹೋಗಬಹುದು. ಓದಲು ಬಾರದವರಿಗೆ ಓದಿ ಹೇಳಲು ನಮ್ಮ ಗುಮಾಸ್ತರು ಇರುವರು. ನೇಕಾರ ಯಜಮಾನರು ಉಪವಿಭಾಗಾಧಿಕಾರಿಗಳಿಗೆ ಜೀವನಾಂಶದ ಅರ್ಜಿಯನ್ನು ಹಾಕಿದ್ದಾರೆ. ವಿಚಾರಣೆಗೆ ಇನ್ನೂ ದಿನ ಗೊತ್ತಾಗಿಲ್ಲ.